ಕೆಂಪು ಕಡ್ಡಿಗಳೆಲ್ಲ ಕ್ಷಯವಲ್ಲ

(ಹೊನ್ನಾವರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಉಪನ್ಯಾಸದ ವಿಷಯವನ್ನು ಫೋನಿನಲ್ಲಿ ತಿಳಿಸಿದಾಗ ಸಂಘಟಕರು ಕೇಳಿದ್ದು ಒಂದೇ ಮಾತು: “ಟಿ.ಬಿ. ಬಗ್ಗೆ ತಾನೆ ಮೇಡಂ?” ಅಲ್ಲ ಎಂದೆ. ಟಿ.ಬಿ.ಯ ಹಾಗೆಯೇ ಕಾಣುವ, ಟಿ.ಬಿ. ಅಲ್ಲದ ಸೋಂಕಿನ ಬಗ್ಗೆ. ಅವರಿಗಾದ ಗೊಂದಲ ಸಹಜವಾದದ್ದು. ಅದೇ ಗೊಂದಲ ಆಸ್ಪತ್ರೆಯಲ್ಲೂ ಆಗುತ್ತದೆ. ಅಲ್ಲಿ ಅದರ ಬೆಲೆಯನ್ನು ರೋಗಿ ತೆರುತ್ತಾನೆ.

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಎಂದು ಊರೂರ ಗೋಡೆಯ ಮೇಲೆ ಬರೆಸಿದ್ದೇವೆ. ಅದು ಸರಿಯೇ. ನಮ್ಮ ದೇಶದಲ್ಲಿ ಕಫದಲ್ಲಿ ಕೆಂಪು ಬಣ್ಣ ಹಿಡಿಯುವ ಕಡ್ಡಿಯಾಕಾರದ ರೋಗಾಣು ಕಂಡರೆ ಅದು ಕ್ಷಯವೇ ಆಗಿರುವ ಸಂಭವ ಬಹಳ ಹೆಚ್ಚು. ಆದರೆ ಉಳಿದ ಕೆಲವರು ಇದ್ದಾರಲ್ಲ, ಅವರು ಆರು ತಿಂಗಳು ಕ್ಷಯದ ಮಾತ್ರೆ ನುಂಗುತ್ತಾರೆ, ಗುಣವಾಗುವುದಿಲ್ಲ. ‘ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ’ ಎಂಬ ಬೈಗುಳವನ್ನೂ ನುಂಗುತ್ತಾರೆ. ಕೊನೆಗೆ ಔಷಧಕ್ಕೆ ಬಗ್ಗದ ಕ್ಷಯ ಎಂಬ ಹಣೆಪಟ್ಟಿಯೊಂದಿಗೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೊರಡುತ್ತಾರೆ. ಇವರಲ್ಲಿ ಕೆಲವರ ಶ್ವಾಸಕೋಶದಲ್ಲಿರುವುದು ಕ್ಷಯದ ರೋಗಾಣುವಿನ ದಾಯಾದಿಗಳು. ಅವುಗಳಲ್ಲಿ ಒಂದು ಗುಂಪಿಗೆ ‘ಶೀಘ್ರವಾಗಿ ಬೆಳೆಯುವ ಮೈಕೋಬ್ಯಾಕ್ಟೀರಿಯಾ’ ಎಂದು ಹೆಸರು.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟು: ಪ್ರಯೋಗಾಲಯ ತಾನಾಗಿ ಏನನ್ನೂ ಹೇಳುವುದಿಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ದೊಡ್ಡ ಊರಿನ ದೊಡ್ಡ ಯಂತ್ರಕ್ಕೆ ಯಾವ ಪ್ರಶ್ನೆ ಹೋಗಬೇಕು ಎಂಬುದು ನಮ್ಮ ತಾಲೂಕು ಆಸ್ಪತ್ರೆಯ ಕಫದ ಡಬ್ಬಿಯ ಹತ್ತಿರವೇ ತೀರ್ಮಾನವಾಗುತ್ತದೆ.

ದಾಯಾದಿಗಳ ಪರಿಚಯ

ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಜಗತ್ತಿಗೆ ತಿಳಿಸಿದ್ದು 1882ರ ಮಾರ್ಚ್ 24ರಂದು. ಆ ರೋಗಾಣುವಿನ ಗೋಡೆ ಮೇಣದಂಥ ಕೊಬ್ಬಿನಿಂದ ತುಂಬಿದೆ. ಕಾರ್ಬಾಲ್ ಫ್ಯುಕ್ಸಿನ್ ಎಂಬ ಕೆಂಪು ಬಣ್ಣವನ್ನು ಬಿಸಿ ಮಾಡಿ ಹೊಗಿಸಿದರೆ ಆಮ್ಲ ಹಾಕಿ ತೊಳೆದರೂ ಅದು ಬಿಡುವುದಿಲ್ಲ. ಝೀಲ್–ನೀಲ್ಸನ್ ವಿಧಾನ ನಿಂತಿರುವುದು ಈ ಗುಣದ ಮೇಲೆ. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿ ಕಂಡಿತೆಂದರೆ ಪಾಸಿಟಿವ್. ತೊಡಕೇನೆಂದರೆ ಈ ಮೇಣದ ಗೋಡೆ ಇಡೀ ಮೈಕೋಬ್ಯಾಕ್ಟೀರಿಯಂ ಕುಲದ ಆಸ್ತಿ. ಇಂದು ಈ ಕುಲದಲ್ಲಿ 190ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಿದ್ದಾರೆ. ಸೂಕ್ಷ್ಮದರ್ಶಕದ ಕೆಳಗೆ ಎಲ್ಲವೂ ಕೆಂಪು ಕಡ್ಡಿಗಳೇ.

ಶೀಘ್ರವಾಗಿ ಬೆಳೆಯುವ ಗುಂಪಿನಲ್ಲಿ ನಮಗೆ ಮುಖ್ಯವಾದವು ಮೂರು: ಕೆಲೋನೆ, ಫಾರ್ಚುಯಿಟಮ್, ಅಬ್ಸೆಸಸ್. ಮೊದಲನೆಯದನ್ನು 1903ರಲ್ಲಿ ಫ್ರೀಡ್‌ಮನ್ ಎಂಬ ಜರ್ಮನ್ ವೈದ್ಯ ಬರ್ಲಿನ್ ಅಕ್ವೇರಿಯಂನ ಕಡಲಾಮೆಗಳ ಶ್ವಾಸಕೋಶದಲ್ಲಿ ಕಂಡ. ಅದರಿಂದ ಕ್ಷಯಕ್ಕೆ ಲಸಿಕೆ ಮಾಡುತ್ತೇನೆಂದು ಹೊರಟು ಹೆಸರು ಕೆಡಿಸಿಕೊಂಡ. ಎರಡನೆಯದನ್ನು 1938ರಲ್ಲಿ ಬ್ರೆಜಿಲ್‌ನ ಡ ಕೋಸ್ಟ ಕ್ರೂಝ್ ವಿವರಿಸಿದ. ಮೂರನೆಯದು 1950ರ ದಶಕದ ಆರಂಭದಲ್ಲಿ ಅಮೆರಿಕದ ಮಹಿಳೆಯೊಬ್ಬರ ಮೊಣಕಾಲಿನ ಕೀವಿನಿಂದ ಸಿಕ್ಕಿತು. ಬಹುಕಾಲ ಇದನ್ನು ಕೆಲೋನೆಯ ಉಪಜಾತಿ ಎಂದೇ ಎಣಿಸಿದ್ದರು. ಬೇರೆ ಪ್ರಭೇದವೆಂಬ ಮಾನ್ಯತೆ ಸಿಕ್ಕಿದ್ದು 1992ರಲ್ಲಿ.

ಕ್ಷಯವಲ್ಲದ ಈ ದಾಯಾದಿಗಳನ್ನು ಬೆಳೆಯುವ ವೇಗ ಮತ್ತು ಬಣ್ಣದ ಮೇಲೆ ನಾಲ್ಕು ಗುಂಪು ಮಾಡಿದವನು ಅರ್ನೆಸ್ಟ್ ರನ್ಯನ್, 1959ರಲ್ಲಿ. ಶುದ್ಧ ತಳಿಯನ್ನು ಹೊಸ ಮಾಧ್ಯಮದ ಮೇಲೆ ಬಿತ್ತಿದಾಗ ಏಳು ದಿನದೊಳಗೆ ಕಣ್ಣಿಗೆ ಕಾಣುವ ಕಾಲನಿ ಬಂದರೆ ಅದು ನಾಲ್ಕನೆಯ ಗುಂಪು. ಕ್ಷಯದ ರೋಗಾಣುವಿಗಾದರೆ ಮೂರರಿಂದ ಎಂಟು ವಾರ ಬೇಕು. ಒಂದು ಎಚ್ಚರಿಕೆ: ಶೀಘ್ರ ಎನ್ನುವುದು ಪ್ರಯೋಗಾಲಯದ ಲೆಕ್ಕ. ರೋಗಿಯ ಎದೆಯಲ್ಲಿ ಈ ಸೋಂಕು ವರ್ಷಗಟ್ಟಲೆ ನಿಧಾನವಾಗಿ ಸಾಗಬಹುದು.

ಕರ್ನಾಟಕ ಬಲ್ಲ ಹಳೆಯ ಸುಳಿವು

ರನ್ಯನ್ ಗುಂಪು ಮಾಡಿದ ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. 1960ರ ದಶಕದಲ್ಲಿ ಅದರ ತಂಡಗಳು ತುಮಕೂರು, ಬೆಂಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಟ್ಯೂಬರ್ಕ್ಯುಲಿನ್ ಚುಚ್ಚಿ, ಮೂರು ದಿನದ ಮೇಲೆ ಬಾವು ಅಳೆದವು. ಅಲ್ಲೊಂದು ತಲೆನೋವು ಎದುರಾಯಿತು. ಕ್ಷಯದ ಸೋಂಕು ತಗುಲಿರುವವರ ದೊಡ್ಡ ಬಾವು ಒಂದು ಕಡೆ, ಏನೂ ಇಲ್ಲದವರು ಇನ್ನೊಂದು ಕಡೆ. ನಡುವೆ ಅರೆಬರೆ ಬಾವಿನವರ ದೊಡ್ಡ ಸಂಖ್ಯೆ. ಮಣ್ಣು, ನೀರಿನಲ್ಲಿರುವ ಮೈಕೋಬ್ಯಾಕ್ಟೀರಿಯಾಗಳ ಪರಿಚಯ ಇವರ ದೇಹಕ್ಕೆ ಮೊದಲೇ ಆಗಿತ್ತು. ಯಾರನ್ನು ಸೋಂಕಿತರೆಂದು ಎಣಿಸಬೇಕು ಎಂಬ ಗೆರೆ ಎಳೆಯುವುದೇ ಕಷ್ಟವಾಯಿತು.

ಮುಂದೆ 1968ರಲ್ಲಿ ಈಗಿನ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಬಿಸಿಜಿ ಲಸಿಕೆಯ ಬಹುದೊಡ್ಡ ಪ್ರಯೋಗ ಶುರುವಾಯಿತು. 1979ರಲ್ಲಿ ಬಂದ ಮೊದಲ ವರದಿ ಆರೋಗ್ಯ ಲೋಕವನ್ನು ಬೆಚ್ಚಿಬೀಳಿಸಿತು: ಶ್ವಾಸಕೋಶದ ಕ್ಷಯದಿಂದ ಲಸಿಕೆ ರಕ್ಷಣೆ ಕೊಟ್ಟಂತೆ ಕಾಣಲಿಲ್ಲ. ಕಾರಣ ಹುಡುಕುವಾಗ ಮುಂದೆ ಬಂದ ವಾದಗಳಲ್ಲಿ ಒಂದು ಈ ಪರಿಸರದ ದಾಯಾದಿಗಳದ್ದು. ಇವುಗಳ ಪರಿಚಯ ಮೊದಲೇ ಆಗಿರುವ ದೇಹದಲ್ಲಿ ಲಸಿಕೆಯ ಪ್ರಭಾವ ಮರೆಯಾಗಬಹುದು ಎಂಬ ತರ್ಕ. ಆಮೇಲೆ ಮದರಾಸಿನ ಕ್ಷಯ ಸಂಶೋಧನ ಕೇಂದ್ರದ ವಿಜ್ಞಾನಿಗಳು ಅದೇ ಪ್ರದೇಶದ ಮಣ್ಣು, ನೀರು, ಧೂಳು, ಜನರ ಕಫ, ಎಲ್ಲದರಲ್ಲೂ ಇವನ್ನು ಬೇರ್ಪಡಿಸಿ ತೋರಿಸಿದರು.

ಈ ಕಥೆಯಲ್ಲಿ ನಮಗೆ ಎರಡು ಪಾಠಗಳಿವೆ. ಈ ಸೂಕ್ಷ್ಮಜೀವಿಗಳು ಹೊರದೇಶದಿಂದ ಬಂದವಲ್ಲ, ನೆಲದವೇ. ಮತ್ತು ಇವು ಕಫದಲ್ಲಿ ಸಿಕ್ಕ ಮಾತ್ರಕ್ಕೆ ಕಾಯಿಲೆ ಇದೆ ಎಂದಾಗುವುದಿಲ್ಲ.

ನಮ್ಮ ಕರಾವಳಿಯನ್ನೇ ನೋಡಿ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೀರಿದ ಮಳೆ, ಶರಾವತಿ–ಅಘನಾಶಿನಿಗಳ ಅಳಿವೆ, ಗಜನಿ ಗದ್ದೆ, ಮನೆಮನೆಯ ಬಾವಿ, ತಾರಸಿಯ ಟ್ಯಾಂಕು. ಒದ್ದೆ ಮಣ್ಣು, ನಿಂತ ನೀರು, ಪೈಪಿನ ಒಳಗೋಡೆಯ ಲೋಳೆ ಈ ದಾಯಾದಿಗಳಿಗೆ ಇಷ್ಟವಾದ ಜಾಗ. ನಲ್ಲಿನೀರಿಗೆ ಹಾಕುವ ಕ್ಲೋರಿನ್‌ಗೆ ಇವು ಸುಲಭಕ್ಕೆ ಸಾಯುವುದಿಲ್ಲ. ಮೀನಿಗೆ ಕಾಯಿಲೆ ತರುವ ಮೈಕೋಬ್ಯಾಕ್ಟೀರಿಯಾಗಳಲ್ಲೂ ಕೆಲೋನೆ, ಫಾರ್ಚುಯಿಟಮ್ ಇವೆ. ಹಾಗೆಂದು ಹೆದರಬೇಕಿಲ್ಲ. ನಾವೆಲ್ಲ ಇವನ್ನು ದಿನವೂ ಕುಡಿಯುತ್ತೇವೆ, ಉಸಿರಾಡುತ್ತೇವೆ. ಆರೋಗ್ಯವಂತ ಶ್ವಾಸಕೋಶ ಇವನ್ನು ಹೊರಹಾಕುತ್ತದೆ.

ಕಾಯಿಲೆ ಆಗುವುದು ಹೆಚ್ಚಾಗಿ ಶ್ವಾಸಕೋಶ ಮೊದಲೇ ಹಾಳಾದವರಲ್ಲಿ. ಹಳೆಯ ಕ್ಷಯ ಗುಣವಾಗಿ ಕಲೆ, ಗುಳಿ ಉಳಿದವರು ನಮ್ಮಲ್ಲಿ ಇವರ ಪೈಕಿ ಮುಖ್ಯರು. ಶ್ವಾಸನಾಳ ಹಿಗ್ಗಿ ಕಫ ಕಟ್ಟುವ ಬ್ರಾಂಕಿಯೆಕ್ಟಾಸಿಸ್ ಇರುವವರು, ಅನ್ನನಾಳದ ತೊಂದರೆಯಿಂದ ತಿಂದದ್ದು ಮತ್ತೆ ಮತ್ತೆ ಗಂಟಲಿಗೆ ಬರುವವರು ಇನ್ನೊಂದು ವರ್ಗ. ಮೂರನೆಯದನ್ನು ಈ ಸಭೆಯಲ್ಲಿರುವ ಅಜ್ಜಿಯಂದಿರು ಗಮನವಿಟ್ಟು ಕೇಳಬೇಕು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಲಿಪಾಯ್ಡ್ ನ್ಯುಮೋನಿಯಾ ಎಂಬ ಕಾಯಿಲೆಯಾಗುತ್ತದೆ. ಆ ಎಣ್ಣೆಯ ಆಸರೆಯಲ್ಲಿ ಈ ಗುಂಪಿನ ರೋಗಾಣುಗಳು ಬೆಳೆದ ಉದಾಹರಣೆಗಳು ವೈದ್ಯ ಸಾಹಿತ್ಯದಲ್ಲಿ ಬೇಕಾದಷ್ಟಿವೆ. ಕೂಸಿಗೆ ಎಣ್ಣೆ ಹಚ್ಚಿ ಮೀಯಿಸಿ, ನನ್ನ ಅಡ್ಡಿಯಿಲ್ಲ. ಮೂಗಿಗೆ, ಗಂಟಲಿಗೆ ಮಾತ್ರ ಎಣ್ಣೆ ಬಿಡಬೇಡಿ.

ಒಂದು ಮಾದರಿಯ ಹಾದಿ

ಈಗ ಪ್ರಯೋಗಾಲಯಕ್ಕೆ ಬರೋಣ. ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕುವ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. ವಯಸ್ಸು ಐವತ್ತೈದರ ಆಚೆ. ಹಿಂದೊಮ್ಮೆ ಕ್ಷಯವಾಗಿ ಗುಣವಾಗಿದೆ. ಈಗ ಮತ್ತೆ ಕೆಲವು ತಿಂಗಳಿಂದ ಕೆಮ್ಮು, ಸುಸ್ತು, ಆಗಾಗ ಕಫದಲ್ಲಿ ರಕ್ತದ ಎಳೆ. ಎಕ್ಸ್‌ರೇಯಲ್ಲಿ ಮೇಲ್ಭಾಗದಲ್ಲಿ ಗುಳಿಯಿದೆ. ಹಳೆಯದೋ ಹೊಸದೋ ಹೇಳಲಾಗದು.

ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಂಪು ಕಡ್ಡಿಗಳಿವೆ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣು ಇದ್ದರಷ್ಟೇ ಸ್ಲೈಡಿನಲ್ಲಿ ಕಾಣುತ್ತವೆ. ಎಂದರೆ ಸಂಖ್ಯೆ ಕಡಿಮೆಯೇನಿಲ್ಲ. ಬಳಿಕ ಅದೇ ಕಫ ಕ್ಷಯದ ರೋಗಾಣುವಿನ ವಂಶವಾಹಿಯನ್ನು ಹುಡುಕುವ ಸಿಬಿನಾಟ್ ಅಥವಾ ಟ್ರೂನಾಟ್ ಯಂತ್ರಕ್ಕೆ ಹೋಯಿತು. ಟ್ರೂನಾಟ್ ನಮ್ಮ ನೆರೆಯ ಗೋವಾದ ಕಂಪನಿಯದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದದ್ದು. ಒಂದೆರಡು ಗಂಟೆಯಲ್ಲಿ ಉತ್ತರ: ಕ್ಷಯದ ರೋಗಾಣು ಪತ್ತೆಯಾಗಿಲ್ಲ.

ಈ ಘಟ್ಟದಲ್ಲಿ ದಾರಿ ಎರಡಾಗುತ್ತದೆ. ಯಂತ್ರ ತಪ್ಪಿರಬೇಕು, ಎಕ್ಸ್‌ರೇ ಕ್ಷಯದಂತೆಯೇ ಇದೆ, ಮಾತ್ರೆ ಶುರುಮಾಡೋಣ ಎನ್ನುವುದು ಒಂದು ದಾರಿ. ನಿಂತು ಯೋಚಿಸುವುದು ಇನ್ನೊಂದು. ಈ ಯಂತ್ರ ಒಂದೇ ಜಾತಿಯ ಮೀನಿಗೆಂದು ನೇಯ್ದ ಬಲೆ. ಬಲೆ ಖಾಲಿ ಬಂದಿತೆಂದರೆ ಆ ಮೀನು ಇಲ್ಲವೆಂದು ತಿಳಿಯಬಹುದು, ಕಡಲೇ ಖಾಲಿ ಎಂದಲ್ಲ. ಸ್ಲೈಡಿನಲ್ಲಿ ಕಡ್ಡಿಗಳು ತುಂಬಿರುವಾಗ ಯಂತ್ರ ‘ಕ್ಷಯವಲ್ಲ’ ಎಂದರೆ ದಾಯಾದಿಗಳನ್ನು ನೆನೆಯಲೇಬೇಕು. ಸತ್ತ ಹಳೆಯ ರೋಗಾಣು ಉಳಿದಿರಬಹುದೇ ಎಂದು ಕೇಳಬಹುದು. ಅವು ಉಳಿದಿದ್ದರೆ ಈ ಯಂತ್ರ ಅವನ್ನೂ ಸಾಮಾನ್ಯವಾಗಿ ಹಿಡಿಯುತ್ತದೆ. ಆದ್ದರಿಂದ ಈ ವಿರೋಧವನ್ನು ದೋಷವೆಂದು ಬದಿಗಿಡದೆ ಸುಳಿವೆಂದು ತೆಗೆದುಕೊಳ್ಳಬೇಕು.

ಇನ್ನೊಂದು ಮಾತನ್ನು ಟೆಕ್ನಿಷಿಯನ್ನರಿಗೆ ಹೇಳಬೇಕು. ಈಗ ಬಹಳ ಕಡೆ ಅರಾಮಿನ್ ಬಣ್ಣ ಹಾಕಿ ಎಲ್‌ಇಡಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಕ್ಷಯಕ್ಕೆ ಅದು ಒಳ್ಳೆಯದು. ಆದರೆ ಶೀಘ್ರವಾಗಿ ಬೆಳೆಯುವ ಗುಂಪು ಆ ಬಣ್ಣವನ್ನು ಕೆಲವೊಮ್ಮೆ ಸರಿಯಾಗಿ ಹಿಡಿದುಕೊಳ್ಳುವುದಿಲ್ಲ. ಸಂಶಯವಿದ್ದರೆ ಹಳೆಯ ಕೆಂಪು ಬಣ್ಣದಲ್ಲೂ ಒಮ್ಮೆ ನೋಡಿ.

ಮುಂದಿನ ಹೆಜ್ಜೆ ಕಲ್ಚರ್. ಕಫದಲ್ಲಿ ಬಾಯಿಯ ಸಾಮಾನ್ಯ ಬ್ಯಾಕ್ಟೀರಿಯಾಗಳೂ ಇರುತ್ತವೆ. ಅವನ್ನು ಕೊಲ್ಲಲು ಸೋಡಿಯಂ ಹೈಡ್ರಾಕ್ಸೈಡ್ ಬಳಸುತ್ತಾರೆ. ಪ್ರಮಾಣ ಅಥವಾ ಸಮಯ ಮೀರಿದರೆ ನಮಗೆ ಬೇಕಾದ ರೋಗಾಣುವೂ ಸಾಯುತ್ತದೆ. ಈ ಗುಂಪಂತೂ ಕ್ಷಯದ ರೋಗಾಣುವಿಗಿಂತ ಬೇಗ ಸಾಯುತ್ತದೆ. ಆಮೇಲೆ ಮಾದರಿಯನ್ನು ಎಂಜಿಐಟಿ ಎಂಬ ದ್ರವ ಮಾಧ್ಯಮದ ಕೊಳವೆಗೂ, ಮೊಟ್ಟೆ ಮತ್ತು ಹಸಿರು ಬಣ್ಣ ಸೇರಿಸಿ ಮಾಡುವ ಎಲ್‌ಜೆ ಮಾಧ್ಯಮಕ್ಕೂ ಹಾಕುತ್ತಾರೆ. ಎರಡನ್ನೂ ಇಡುವುದು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಕೆಲೋನೆಗೆ ಹಿತವಾದದ್ದು 30 ಡಿಗ್ರಿಯ ಆಸುಪಾಸು. ಈ ಸಂಶಯವನ್ನು ಕಳಿಸುವ ಚೀಟಿಯಲ್ಲಿ ಬರೆದಿದ್ದರೆ ಪ್ರಯೋಗಾಲಯ 30 ಡಿಗ್ರಿಯಲ್ಲೂ ಒಂದು ಕೊಳವೆ ಇಡುತ್ತದೆ. ಬರೆಯದಿದ್ದರೆ ಯಾಕಾದರೂ ಇಟ್ಟೀತು?

ಕೊಳವೆಯಲ್ಲಿ ಬೆಳವಣಿಗೆ ಕಂಡಿತು ಎನ್ನಿ. ಎಂಪಿಟಿ64 ಎಂಬ ಪ್ರೋಟೀನನ್ನು ಹುಡುಕುವ ಸಣ್ಣ ಪಟ್ಟಿ ಪರೀಕ್ಷೆಯೊಂದಿದೆ. ಕಾಲು ಗಂಟೆಯ ಕೆಲಸ. ಗೆರೆ ಮೂಡಿದರೆ ಕ್ಷಯ. ಕೆಂಪು ಕಡ್ಡಿ ಇದ್ದೂ ಗೆರೆ ಮೂಡದಿದ್ದರೆ ಹೆಚ್ಚಿನಂಶ ದಾಯಾದಿ. ಹಿಂದೆ ಇದೇ ಕೆಲಸಕ್ಕೆ ಪಿಎನ್‌ಬಿ ಎಂಬ ರಾಸಾಯನಿಕ ಬೆರೆಸಿದ ಮಾಧ್ಯಮ ಬಳಸುತ್ತಿದ್ದರು. ಅದರಲ್ಲಿ ಕ್ಷಯದ ರೋಗಾಣು ಬೆಳೆಯದು, ದಾಯಾದಿಗಳು ಬೆಳೆಯುತ್ತವೆ. ಬಹಳ ವರದಿಗಳು ಇಲ್ಲಿಗೇ ನಿಲ್ಲುತ್ತವೆ: ‘ಕ್ಷಯೇತರ ಮೈಕೋಬ್ಯಾಕ್ಟೀರಿಯಾ ಬೆಳೆದಿದೆ’. ಇಲ್ಲಿ ನಿಂತರೆ ವೈದ್ಯರ ಕೈ ಕಟ್ಟಿದಂತೆಯೇ.

ಮೂವರನ್ನು ಬೇರ್ಪಡಿಸುವುದು

ಯಂತ್ರಗಳು ಬರುವ ಮೊದಲು ಇದನ್ನು ಕೊಳವೆ ಮತ್ತು ತಾಳ್ಮೆಯಿಂದ ಮಾಡುತ್ತಿದ್ದರು. ಮೂರು ದಿನದ ಅರೈಲ್ ಸಲ್ಫಟೇಸ್ ಪರೀಕ್ಷೆ ಮೂರಕ್ಕೂ ಪಾಸಿಟಿವ್, ಗುಂಪು ಖಚಿತವಾಯಿತು. ನೈಟ್ರೇಟನ್ನು ಬದಲಾಯಿಸಿ, ಕಬ್ಬಿಣವನ್ನು ಹೀರಿ ತುಕ್ಕಿನ ಬಣ್ಣಕ್ಕೆ ತಿರುಗಿದರೆ ಫಾರ್ಚುಯಿಟಮ್. ಉಳಿದ ಎರಡರಲ್ಲಿ 5% ಉಪ್ಪಿನ ಮಾಧ್ಯಮದಲ್ಲಿ ಬೆಳೆಯುವುದು ಅಬ್ಸೆಸಸ್. ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು 3.5%. ಎಂದರೆ ಅಬ್ಸೆಸಸ್ ತಡೆಯುವುದು ಕಡಲಿಗಿಂತ ಹೆಚ್ಚಿನ ಉಪ್ಪನ್ನು. ಕೆಲೋನೆ ಅದನ್ನು ತಡೆಯದು, ಬದಲಿಗೆ ಸಿಟ್ರೇಟನ್ನು ಉಣ್ಣುತ್ತದೆ. ಈ ಪರೀಕ್ಷೆಗಳು ಅಗ್ಗ. ಆದರೆ ವಾರಗಟ್ಟಲೆ ಹಿಡಿಯುತ್ತವೆ, ಮತ್ತು ಎಲ್ಲ ತಳಿಗಳೂ ಪುಸ್ತಕದಲ್ಲಿ ಇರುವಂತೆ ನಡೆದುಕೊಳ್ಳುವುದಿಲ್ಲ.

1993ರಲ್ಲಿ ಟೆಲೆಂಟಿ ಮತ್ತು ಸಂಗಡಿಗರು ಎಚ್‌ಎಸ್‌ಪಿ65 ಎಂಬ ವಂಶವಾಹಿಯ ತುಣುಕನ್ನು ಹೆಚ್ಚಿಸಿ, ಕತ್ತರಿಸಿ, ತುಂಡುಗಳ ಅಳತೆಯಿಂದ ಪ್ರಭೇದ ಹೇಳುವ ದಾರಿ ತೋರಿಸಿದರು. ಈಗ ಲೈನ್ ಪ್ರೋಬ್ ಪಟ್ಟಿಗಳಿವೆ. ಬೆಳೆದ ಕಾಲನಿಯ ಪ್ರೋಟೀನುಗಳ ತೂಕವನ್ನು ನೋಡಿ ನಿಮಿಷಗಳಲ್ಲಿ ಹೆಸರು ಹೇಳುವ ಮಾಲ್ಡಿಟಾಫ್ ಯಂತ್ರವಿದೆ. ವಂಶವಾಹಿಯ ಅಕ್ಷರಗಳನ್ನೇ ಓದುವ ಸೀಕ್ವೆನ್ಸಿಂಗ್ ಇದೆ. ಇಲ್ಲೂ ಏನು ಕೇಳುತ್ತೇವೆ ಎಂಬುದು ಮುಖ್ಯ. ಎಲ್ಲರೂ ನಂಬುವ 16ಎಸ್ ವಂಶವಾಹಿಯಲ್ಲಿ ಅಬ್ಸೆಸಸ್ ಮತ್ತು ಕೆಲೋನೆ ಹೆಚ್ಚುಕಡಿಮೆ ಒಂದೇ. ಅವನ್ನು ಬೇರ್ಪಡಿಸಲು ಆರ್‌ಪಿಒಬಿ ಅಥವಾ ಎಚ್‌ಎಸ್‌ಪಿ65 ಓದಬೇಕು.

ಇಷ್ಟೆಲ್ಲ ಶ್ರಮ ಏಕೆ? ಔಷಧಕ್ಕಾಗಿ. ಕ್ಷಯದ ಮೊದಲ ಸಾಲಿನ ಐಸೋನಿಯಾಜಿಡ್, ರಿಫಾಂಪಿಸಿನ್, ಪಿರಾಜಿನಮೈಡ್ ಮಾತ್ರೆಗಳು ಈ ಮೂರೂ ಪ್ರಭೇದಗಳ ಮೇಲೆ ಹೆಚ್ಚುಕಡಿಮೆ ನಿಷ್ಪ್ರಯೋಜಕ. ಫಾರ್ಚುಯಿಟಮ್‌ಗೆ ಸಾಮಾನ್ಯವಾಗಿ ಕ್ವಿನೊಲೋನ್, ಸಲ್ಫಾ ಗುಳಿಗೆಗಳು ನಾಟುತ್ತವೆ. ಕೆಲೋನೆಗೆ ಕ್ಲಾರಿತ್ರೋಮೈಸಿನ್ ನಾಟುತ್ತದೆ. ಶ್ವಾಸಕೋಶದಲ್ಲಿ ಅತಿ ಹೆಚ್ಚು ಕಾಡುವುದು ಅಬ್ಸೆಸಸ್. ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ 154 ರೋಗಿಗಳ ಅಧ್ಯಯನದಲ್ಲಿ ಐದರಲ್ಲಿ ನಾಲ್ಕು ಪಾಲು ಅದೇ ಇತ್ತು. ಅದರೊಳಗೂ ಉಪಜಾತಿಗಳಿವೆ. ಅಬ್ಸೆಸಸ್ ಉಪಜಾತಿಯ ಬಹುತೇಕ ತಳಿಗಳಲ್ಲಿ ಎರ್ಮ್ 41 ಎಂಬ ವಂಶವಾಹಿ ಕೆಲಸ ಮಾಡುತ್ತದೆ. ಔಷಧ ತಗುಲಿದ ಮೇಲೆ ಅದು ಎಚ್ಚತ್ತು ಕ್ಲಾರಿತ್ರೋಮೈಸಿನ್, ಅಜಿತ್ರೋಮೈಸಿನ್‌ಗಳನ್ನು ನಿರರ್ಥಕ ಮಾಡುತ್ತದೆ. ಮೂರು ದಿನಕ್ಕೆ ನೋಡಿದರೆ ‘ಔಷಧ ನಾಟುತ್ತದೆ’ ಎಂದು ಬರುವ ಫಲಿತಾಂಶ 14ನೇ ದಿನಕ್ಕೆ ತಿರುಗಿ ಬೀಳುತ್ತದೆ. ಅದಕ್ಕೇ 14 ದಿನ ಕಾಯಬೇಕೆಂಬ ನಿಯಮ. ಮಸಿಲಿಯೆನ್ಸ್ ಎಂಬ ಇನ್ನೊಂದು ಉಪಜಾತಿಯಲ್ಲಿ ಆ ವಂಶವಾಹಿ ತುಂಡಾಗಿದೆ. ಗುಳಿಗೆ ಕೆಲಸ ಮಾಡುತ್ತದೆ. ಈ ಎರಡು ಉಪಜಾತಿ ತಗುಲಿದ ಇಬ್ಬರ ಎಕ್ಸ್‌ರೇ ಒಂದೇ, ಸ್ಲೈಡ್ ಒಂದೇ. ಆದರೆ ಒಬ್ಬರಿಗೆ ಗುಣವಾಗುವ ಒಳ್ಳೆಯ ಅವಕಾಶವಿದೆ. ಇನ್ನೊಬ್ಬರಿಗೆ ತಿಂಗಳುಗಟ್ಟಲೆ ಅಮಿಕಾಸಿನ್, ಇಮಿಪೆನೆಮ್ ಚುಚ್ಚುಮದ್ದು, ಆದರೂ ಖಾತರಿಯಿಲ್ಲ.

ಸಿಕ್ಕಿದ್ದೆಲ್ಲ ಕಾಯಿಲೆಯಲ್ಲ

ಇಷ್ಟು ಹೇಳಿದ ಮೇಲೆ ಎದುರು ಬದಿಯ ಮಾತನ್ನೂ ಹೇಳಲೇಬೇಕು. ಈ ಉಪನ್ಯಾಸ ಕೇಳಿ ಯಾರೂ ನಾಳೆಯಿಂದ ಪ್ರತಿ ದಾಯಾದಿಗೂ ಚುಚ್ಚುಮದ್ದು ಶುರುಮಾಡಬಾರದು. ಈ ರೋಗಾಣು ನೀರಿನಲ್ಲಿದೆ. ರೋಗಿ ಕಫ ಕೊಡುವ ಮುಂಚೆ ನಲ್ಲಿನೀರಲ್ಲಿ ಬಾಯಿ ಮುಕ್ಕಳಿಸಿದರೆ ಡಬ್ಬಿಗೆ ಬರಬಹುದು. ಬ್ರಾಂಕೋಸ್ಕೋಪ್ ತೊಳೆಯುವ ಯಂತ್ರದ ನೀರಿನಿಂದ ಒಂದರ ಹಿಂದೊಂದು ರೋಗಿಯ ಮಾದರಿಯಲ್ಲಿ ಕೆಲೋನೆ, ಅಬ್ಸೆಸಸ್ ಕಂಡು, ಇಲ್ಲದ ಸೋಂಕಿಗೆ ಆಸ್ಪತ್ರೆಗಳು ಗಾಬರಿಯಾದ ಪ್ರಸಂಗಗಳು ಹೊರದೇಶಗಳಲ್ಲಿ ವರದಿಯಾಗಿವೆ.

ಆದ್ದರಿಂದ ಅಮೆರಿಕದ ಎದೆರೋಗ ತಜ್ಞರ ಸಂಘ 2007ರಲ್ಲಿ ಹೇಳಿದ, 2020ರಲ್ಲಿ ಅಂತರರಾಷ್ಟ್ರೀಯ ಸಂಘಗಳೂ ಒಪ್ಪಿದ ಮಾನದಂಡ ಮೂರು ಕಾಲಿನದು. ರೋಗಿಗೆ ಲಕ್ಷಣಗಳಿರಬೇಕು. ಎಕ್ಸ್‌ರೇ ಅಥವಾ ಸಿ.ಟಿ.ಯಲ್ಲಿ ಗುಳಿ, ಗಂಟು, ಹಿಗ್ಗಿದ ಶ್ವಾಸನಾಳ ಇರಬೇಕು. ಬೇರೆ ಬೇರೆ ಸಲ ಕೊಟ್ಟ ಕನಿಷ್ಠ ಎರಡು ಕಫದಲ್ಲಿ ಅದೇ ರೋಗಾಣು ಬೆಳೆಯಬೇಕು, ಇಲ್ಲವೇ ಬ್ರಾಂಕೋಸ್ಕೋಪ್‌ನಿಂದ ತೊಳೆದು ತೆಗೆದ ಒಂದು ಮಾದರಿಯಲ್ಲಿ ಸಿಗಬೇಕು. ಜೊತೆಗೆ ಕ್ಷಯ ಮುಂತಾದ ಬೇರೆ ಕಾಯಿಲೆ ಇಲ್ಲವೆಂದು ಖಚಿತವಾಗಬೇಕು. ನಮ್ಮ ಅಳಿವೆಯ ಮಹಿಳೆಗೆ ಮೊದಲ ಎರಡೂ ಇವೆ. ಮೂರನೆಯದಕ್ಕೆ ಅವರು ಮತ್ತೆ ಕಫ ಕೊಡಬೇಕು. ಎರಡನೆಯ ಡಬ್ಬಿ ಕೇಳದೆ ಮನೆಗೆ ಕಳಿಸಿದರೆ ಅಷ್ಟು ಯಂತ್ರಗಳ ಕೆಲಸವೂ ವ್ಯರ್ಥ.

ಸರಿಯಾದ ಹೆಸರಿನಿಂದ ಮನೆಗೂ ಉಪಕಾರವಿದೆ. ಈ ಸೋಂಕು ಕ್ಷಯದ ಹಾಗೆ ಒಬ್ಬರಿಂದ ಒಬ್ಬರಿಗೆ ಹರಡುವುದು ಬಹಳ ವಿರಳ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ರೋಗಿಗಳ ನಡುವೆ ಅಬ್ಸೆಸಸ್ ಹರಡಿದ ಪುರಾವೆಯಿದೆ ಅಷ್ಟೆ. ತಟ್ಟೆ ಬೇರೆ ಇಡುವುದು, ಮೊಮ್ಮಕ್ಕಳನ್ನು ದೂರವಿಡುವುದು, ಮಗಳ ಮದುವೆ ಮಾತುಕತೆಯಲ್ಲಿ ತಾಯಿಯ ಕಾಯಿಲೆ ಮುಚ್ಚಿಡುವುದು ಯಾವುದೂ ಬೇಕಿಲ್ಲ. 

ತಾಲೂಕಿನಲ್ಲೇ ಆಗುವ ಕೆಲಸ

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳಿಗೆ ಸೀಕ್ವೆನ್ಸಿಂಗ್ ಯಂತ್ರ ತನ್ನಿ ಎಂದು ನಾನು ಹೇಳುವುದಿಲ್ಲ. ಉತ್ತರ ಕನ್ನಡಕ್ಕೆ ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂಬ ಹೋರಾಟ ನ್ಯಾಯವಾದದ್ದು, ಅದು ನಡೆಯಲಿ. ಅಲ್ಲಿಯವರೆಗೂ ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಕೆಲಸಗಳಿವೆ.

ವೈದ್ಯರು ಸ್ಲೈಡ್ ಮತ್ತು ಯಂತ್ರದ ಫಲಿತಾಂಶ ಹೊಂದದ ಪ್ರತಿ ರೋಗಿಯ ಕಫವನ್ನೂ, ಕ್ಷಯದ ಮಾತ್ರೆಗೆ ಬಗ್ಗದ ರೋಗಿಯ ಕಫವನ್ನೂ ಕಲ್ಚರ್‌ಗೆ ಕಳಿಸಲಿ. ಚೀಟಿಯಲ್ಲಿ ‘ಕ್ಷಯೇತರ ಎಂಬ ಸಂಶಯ, ಪ್ರಭೇದ ತಿಳಿಸಿ’ ಎಂದು ಬರೆಯಲಿ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ದೇಶದ ರಾಷ್ಟ್ರೀಯ ಉಲ್ಲೇಖ ಪ್ರಯೋಗಾಲಯಗಳಲ್ಲಿ ಒಂದು. ಆ ಸಾಲಿನವರೆಗೆ ಪ್ರಶ್ನೆ ಏರಿ ಹೋಗಬೇಕಾದರೆ ಮೊದಲು ಅದನ್ನು ಇಲ್ಲಿ ಬರೆಯಬೇಕು. ಟೆಕ್ನಿಷಿಯನ್ನರು ಬಾಯಿ ಮುಕ್ಕಳಿಸಲು ಕುದಿಸಿ ಆರಿಸಿದ ನೀರು ಕೊಡಲಿ. ಬೆಳಗಿನ ಕಫವನ್ನು ಬೇರೆ ಬೇರೆ ದಿನ ತೆಗೆದುಕೊಂಡು, ಕಳಿಸುವುದು ತಡವಾದರೆ ಫ್ರಿಜ್ಜಿನಲ್ಲಿಡಲಿ. ನಮ್ಮ ಸೆಕೆಯಲ್ಲಿ ಮೇಜಿನ ಮೇಲಿಟ್ಟ ಕಫ ಒಂದೇ ದಿನದಲ್ಲಿ ಕೆಡುತ್ತದೆ. ಆಶಾ ಕಾರ್ಯಕರ್ತೆಯರು ‘ಮಾತ್ರೆ ನುಂಗಿದರೂ ಕೆಮ್ಮು ಹೋಗಿಲ್ಲ’ ಎನ್ನುವವರನ್ನು ಗದರದೆ ಮತ್ತೆ ಆಸ್ಪತ್ರೆಗೆ ಕರೆತರಲಿ. ಮೂರೂ ಊರುಗಳ ಕಾಲೇಜುಗಳ ಸೂಕ್ಷ್ಮಜೀವಶಾಸ್ತ್ರ, ಪ್ರಾಣಿಶಾಸ್ತ್ರದ ಅಧ್ಯಾಪಕರು ವೈದ್ಯಕೀಯ ಕಾಲೇಜೊಂದರ ಜೊತೆ ಕೈಜೋಡಿಸಿ ಇಲ್ಲಿನ ಬಾವಿ, ಟ್ಯಾಂಕು, ಅಳಿವೆಯ ನೀರಿನಲ್ಲಿ ಯಾವ ಪ್ರಭೇದಗಳಿವೆ ಎಂಬ ಪಟ್ಟಿ ಮಾಡಲಿ. ಚೆಂಗಲ್ಪಟ್ಟಿನಲ್ಲಿ ಆದದ್ದು ಇಲ್ಲಿಯೂ ಆಗಬಹುದಾದ ಕೆಲಸ.

ರೋಗಿಗಳಿಗೂ ಅವರ ಮನೆಯವರಿಗೂ ಕೊನೆಯ ಮಾತು. ರಿಪೋರ್ಟ್ ಕೈಗೆ ಬಂದಾಗ ವೈದ್ಯರನ್ನು ನಾಲ್ಕು ಪ್ರಶ್ನೆ ಕೇಳಿ. ಇದು ಕ್ಷಯವೇ, ಅಲ್ಲವೇ? ಅಲ್ಲವಾದರೆ ಯಾವ ಪ್ರಭೇದ? ಎರಡನೆಯ ಕಫದಲ್ಲೂ ಅದೇ ಬಂದಿದೆಯೇ? ಯಾವ ಔಷಧ ನಾಟುತ್ತದೆ ಎಂದು ನೋಡಿದ್ದಾರೆಯೇ? ಇದನ್ನು ಕೇಳಿದರೆ ವೈದ್ಯರಿಗೆ ಸಿಟ್ಟು ಬರುತ್ತದೆ ಎಂದು ಹಿಂಜರಿಯಬೇಡಿ. ಕ್ಷಯವಲ್ಲವೆಂದಾದರೆ, ಈ ನಾಲ್ಕಕ್ಕೂ ಉತ್ತರ ಸಿಗುವವರೆಗೆ ತಿಂಗಳುಗಟ್ಟಲೆಯ ಔಷಧವನ್ನು ಶುರುಮಾಡಲೂ ಬಾರದು, ನಡೆಯುತ್ತಿರುವ ಹಳೆಯದನ್ನು ಸುಮ್ಮನೆ ಮುಂದುವರಿಸಲೂ ಬಾರದು ಎಂದು ಒಳ್ಳೆಯ ವೈದ್ಯರೇ ಮೊದಲು ಹೇಳುತ್ತಾರೆ. ಒಂದನ್ನು ಮಾತ್ರ ನೆನಪಿಡಿ: ಕ್ಷಯವೆಂದು ಖಚಿತವಾಗಿ, ಮಾತ್ರೆ ನಡೆಯುತ್ತಿರುವವರು ಈ ಉಪನ್ಯಾಸದ ನೆಪದಲ್ಲಿ ಒಂದು ದಿನವೂ ಅದನ್ನು ಬಿಡಕೂಡದು.